ಹಾಲು ಹಾಕೋ ಮುಂಚೆ ಒಂದ್ನಿಮಿಷ

ಆಫೀಸಿನ ಪ್ಯಾಂಟ್ರಿಯಲ್ಲಿ ನಾನು ಕಾಫಿ ಮಾಡ್ಕೊಳ್ಳೋಕೆ ನಿಂತರೆ ಸಾಕು, ಹಿಂದಿನಿಂದ ಯಾರಾದ್ರೂ ಒಬ್ಬರು ಶುರು ಮಾಡ್ತಾರೆ. "ಏನ್ ಗುರೂ, ಕೆಮಿಸ್ಟ್ರಿ ಪ್ರಾಕ್ಟಿಕಲ್ಲಾ?" ನನ್ನ ಹತ್ರ ಇರೋದು ಒಂದು ಪ್ಲಾಸ್ಟಿಕ್ ಕೋನು, ಅದರೊಳಗೆ ಬಿಳಿ ಪೇಪರು, ಕೆಳಗೊಂದು ಕಪ್ಪು, ಪಕ್ಕದಲ್ಲೊಂದು ಪುಟ್ಟ ತಕ್ಕಡಿ. ಇಷ್ಟಕ್ಕೇ ನೋಡಿದವರಿಗೆಲ್ಲ ನಗು. ಎರಡನೇ ಡೈಲಾಗು, "ನಮ್ಮಜ್ಜಿ ಹಿತ್ತಾಳೆ ಫಿಲ್ಟರ್ ಮುಂದೆ ಇದೆಲ್ಲ ಯಾವ ಲೆಕ್ಕ". ಮೂರನೇದು, "ಕೆಳಗಡೆ ದರ್ಶಿನಿಯಲ್ಲಿ 20 ರೂಪಾಯಿಗೆ ಇದರಪ್ಪನಂಥ ಕಾಫಿ ಸಿಗುತ್ತೆ".

ಮೂರು ವರ್ಷ ನಕ್ಕು ಸುಮ್ಮನಿದ್ದೆ. ಈಗ ಉತ್ತರ ಕೊಡೋಣ ಅನ್ನಿಸಿದೆ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡ್ತೀನಿ. ಸಂಜೆ ಆರಕ್ಕೆ ಮಳೆ ಬಂದು ನಿಂತ ಹೊತ್ತಲ್ಲಿ, ಸ್ಟೀಲ್ ಲೋಟದಲ್ಲಿ ನೊರೆ ಕಟ್ಟಿದ ಬೈ ಟು ಕಾಫಿ ಕೈಗೆ ಬಂದರೆ ನಾನೂ ಕರಗಿಹೋಗ್ತೀನಿ. ನಮ್ಮ ಫಿಲ್ಟರು ಜಾಣ ಸಾಧನ. ಸ್ವಲ್ಪವೇ ನೀರು, ಜಾಸ್ತಿ ಪುಡಿ, ನಿಧಾನಕ್ಕೆ ಇಳಿಯೋ ಗಟ್ಟಿ ಡಿಕಾಕ್ಷನ್. ಅಷ್ಟು ಗಟ್ಟಿ ಇರೋದು ಯಾಕೆ ಅಂದ್ರೆ, ಮೇಲೆ ಅಷ್ಟೊಂದು ಹಾಲು ಬಿದ್ದರೂ ಕಾಫಿ ಸೋಲಬಾರದು ಅಂತ. ಅಂದ್ರೆ ಅದು ಹಾಲಿಗೋಸ್ಕರವೇ ಮಾಡಿದ ಸಾಧನ. ಅದರ ಮೇಲೆ ನನಗೇನೂ ಜಗಳ ಇಲ್ಲ.

ಜಗಳ ಇರೋದು "ನಾವು ಕಾಫಿ ನಾಡಿನವರು, ಕಾಫಿ ಅಂದ್ರೇನು ಅಂತ ನಮಗೆ ಹೇಳ್ಕೊಡ್ಬೇಡಿ" ಅನ್ನೋ ಆ ಜಂಬದ ಮೇಲೆ. ಸ್ವಾಮಿ, ಮನೆಯಲ್ಲಿರೋ ಕಾಫಿಪುಡಿ ಪೊಟ್ಟಣದ ಹಿಂಭಾಗ ಯಾವತ್ತಾದ್ರೂ ಓದಿದ್ದೀರಾ? ಮಿಶ್ರಣದಲ್ಲಿ 49 ಪರ್ಸೆಂಟ್‌ವರೆಗೆ ಚಿಕೋರಿ ಇರಬಹುದು ಅಂತ ನಮ್ಮ ಆಹಾರ ಕಾನೂನೇ ಹೇಳುತ್ತೆ. ಎಷ್ಟೋ ಪೊಟ್ಟಣಗಳು ಆ ಗೆರೆಯ ಹತ್ತಿರಕ್ಕೇ ಹೋಗಿ ನಿಂತಿರ್ತವೆ. ಚಿಕೋರಿ ವಿಷವಲ್ಲ, ಅದೊಂದು ಬೇರು, ಹುರಿದು ಪುಡಿ ಮಾಡ್ತಾರೆ. ನಮ್ಮಲ್ಲಿಗೆ ಬರೋ ಚಿಕೋರಿಯ ದೊಡ್ಡ ಪಾಲು ಬೆಳೆಯೋದು ಗುಜರಾತು, ಉತ್ತರಪ್ರದೇಶದ ಹೊಲಗಳಲ್ಲಿ. ಚಿಕ್ಕಮಗಳೂರಿನ ಹೆಸರು ಹೇಳಿ ಎದೆ ತಟ್ಟಿಕೊಂಡು ಕುಡಿಯೋ ಲೋಟದಲ್ಲಿ ಅರ್ಧಕ್ಕರ್ಧ ಗುಜರಾತಿನ ಬೇರಿದ್ದರೆ, ಅದರ ಮೇಲೆ ಕಪ್ಪಗೆ ಹುರಿದ ಬೀಜ, ಅದರ ಮೇಲೆ ಹಾಲು, ಅದರ ಮೇಲೆ ಎರಡು ಚಮಚ ಸಕ್ಕರೆ ಬಿದ್ದರೆ, ಕಾಫಿ ಎಲ್ಲಿದೆ ಅಂತ ಹುಡುಕೋದು ಯಾರು?

ಇದು ಬರೀ ನಾಲಗೆಯ ವಿಷಯ ಆಗಿದ್ರೆ ನಾನು ಇಷ್ಟು ಬರೀತಿರಲಿಲ್ಲ. ನಿಮ್ಮ ನಾಲಗೆ ನಿಮ್ಮಿಷ್ಟ. ಆದ್ರೆ ಇದರ ಇನ್ನೊಂದು ತುದಿ ಸಕಲೇಶಪುರದ ಹತ್ತಿರ ನಮ್ಮ ಮಾವನ ಮನೆ ಕಣದಲ್ಲಿದೆ.

ಮಾವನದು ಸಣ್ಣ ತೋಟ. ನೆರಳಿಗೆ ಸಿಲ್ವರ್ ಓಕು, ಹಲಸು, ಮರಗಳ ಮೇಲೆ ಮೆಣಸಿನ ಬಳ್ಳಿ, ಕೆಳಗೆ ಅರೇಬಿಕಾ. ತಗ್ಗಿನಲ್ಲಿ ಒಂದಿಷ್ಟು ರೊಬಸ್ಟಾ. ಬಿಳಿ ಕಾಂಡಕೊರಕ, ಆನೆ, ಕೊಯ್ಲಿನ ಹೊತ್ತಿಗೇ ಸುರಿಯೋ ಅಕಾಲದ ಮಳೆ, ಇದೆಲ್ಲದರ ಜೊತೆ ಏಗಿಕೊಂಡು ಪ್ರತಿ ವರ್ಷ ಡಿಸೆಂಬರ್ ಹೊತ್ತಿಗೆ ಹಣ್ಣು ಕೊಯ್ಯಿಸ್ತಾರೆ. ಕೊಯ್ಲು ಅಂದ್ರೆ ಕೊಂಬೆಯನ್ನು ಕೈಯಲ್ಲಿ ಹಿಡಿದು ಸರ್ರಂತ ಎಳೆಯೋದು. ಕೆಂಪು, ಅರೆಗೆಂಪು, ಹಸಿರು ಎಲ್ಲ ಒಟ್ಟಿಗೆ ಬುಟ್ಟಿಗೆ. ಅದನ್ನು ಕಣದಲ್ಲಿ ಹರವಿ ಒಣಗಿಸಿ, ಮೂಟೆ ಕಟ್ಟಿ ವ್ಯಾಪಾರಿಗೆ ಹಾಕೋದು.

"ಹಣ್ಣಾಗಿದ್ದನ್ನ ಮಾತ್ರ ಆರಿಸಿ ಕೊಯ್ಸಬಾರ್ದಾ ಮಾವ?" ಅಂತ ಒಂದ್ಸಲ ಕೇಳಿದೆ. ಆಗ ತಾನೇ ಯೂಟ್ಯೂಬ್ ನೋಡಿ ತಜ್ಞನಾಗಿದ್ದೆ.

"ಕೊಯ್ಸಬಹುದು ಕಣೋ. ಒಂದೇ ಗಿಡಕ್ಕೆ ಮೂರು ಸಲ, ನಾಲ್ಕು ಸಲ ಆಳು ಬಿಡಬೇಕು. ಆ ಕೂಲಿ ನಿಮ್ಮಪ್ಪ ಕೊಡ್ತಾನಾ?"

ವ್ಯಾಪಾರಿ ಹೇಗೆ ಬೆಲೆ ಕಟ್ಟುತ್ತಾನೆ ಗೊತ್ತಾ? ಒಣ ಹಣ್ಣನ್ನು ಸ್ವಲ್ಪ ತಗೊಂಡು ಸಿಪ್ಪೆ ತೆಗೆದು, 50 ಕೆಜಿ ಮೂಟೆಯಲ್ಲಿ ಎಷ್ಟು ಕೆಜಿ ಬೀಜ ಬರುತ್ತೆ ಅಂತ ಲೆಕ್ಕ ಹಾಕ್ತಾನೆ. ಔಟ್‌ಟರ್ನ್ ಅಂತಾರೆ. ತೇವ ನೋಡ್ತಾನೆ. ಕರಿಬೀಜ, ಹುಳುಬೀಜ ನೋಡ್ತಾನೆ. ಮುಗೀತು. ಹುರಿದು, ನೀರು ಹಾಕಿ, ಬಾಯಿಗೆ ಹಾಕಿಕೊಂಡು ನೋಡೋ ಪದ್ಧತಿ ಅಲ್ಲಿಲ್ಲ. ಆತನನ್ನು ಬೈದು ಏನು ಪ್ರಯೋಜನ? ಮುಂದೆ ಆ ಬೀಜ ಸೇರೋದು ಚಿಕೋರಿ ಜೊತೆಗೆ, ಇಲ್ಲ ಹಡಗಿಗೆ. ನಮ್ಮ ದೇಶದ ಕಾಫಿಯ ಸುಮಾರು 70 ಪರ್ಸೆಂಟ್ ಬೆಳೆಯೋದು ಕರ್ನಾಟಕದಲ್ಲಿ, ದೇಶದಲ್ಲಿ ಬೆಳೆದದ್ದರ ಬಹುಪಾಲು ಹೋಗೋದು ಹೊರಗೆ, ಅದರಲ್ಲೂ ಇಟಲಿಗೆ ಎಲ್ಲರಿಗಿಂತ ಜಾಸ್ತಿ. ಉಳಿದದ್ದನ್ನು ಕುಡಿಯೋ ನಮಗೆ ವ್ಯತ್ಯಾಸ ಗೊತ್ತಾಗಲ್ಲ. ಗೊತ್ತಾಗದ ವ್ಯತ್ಯಾಸಕ್ಕೆ ಯಾರೂ ದುಡ್ಡು ಕೊಡಲ್ಲ. ದುಡ್ಡು ಸಿಗದ ಕೆಲಸಕ್ಕೆ ಮಾವ ನಾಲ್ಕು ಸಲ ಆಳು ಬಿಡಲ್ಲ. ನಮ್ಮ ಲೋಟದ ಹಾಲಿಗೂ ಅವರ ತೋಟದ ಹಸಿರು ಕಾಯಿಗೂ ಇರೋ ಸಂಬಂಧ ಇದು.

ಇದಕ್ಕೆ ಹಳೇ ಇತಿಹಾಸವೂ ಇದೆ. 1942ರ ಕಾಯ್ದೆ ಬಂದ ಮೇಲೆ ಬೆಳೆಗಾರರು ಮನೆಬಳಕೆಗೆ ಬಿಟ್ಟು ಮಿಕ್ಕ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲಿಗೆ ಕೊಡಬೇಕಿತ್ತು. ಬೋರ್ಡು ಗ್ರೇಡ್ ಮಾಡಿ, ಒಟ್ಟುಗೂಡಿಸಿ ಮಾರೋದು. ಯುದ್ಧದ ಕಾಲದಲ್ಲಿ ಮಾರುಕಟ್ಟೆ ಕಳೆದುಕೊಂಡಿದ್ದ ಬೆಳೆಗಾರನಿಗೆ ಅದು ಆಸರೆಯಾಗಿತ್ತು, ಅದನ್ನು ಅಲ್ಲಗಳೆಯಲ್ಲ. ಆದ್ರೆ ಈ ವ್ಯವಸ್ಥೆ 1990ರ ದಶಕದ ನಡುವಿನವರೆಗೂ ನಡೀತು. ಅಂದ್ರೆ ಅರ್ಧ ಶತಮಾನ ತೋಟದ ಹೆಸರು ಮೂಟೆಯಲ್ಲೇ ಕರಗಿಹೋಯ್ತು. ಎದುರು ಗುಡ್ಡದ ಕಾಫಿಗೂ ತನ್ನ ಕಾಫಿಗೂ ರುಚಿಯಲ್ಲಿ ಏನು ವ್ಯತ್ಯಾಸ ಅಂತ ಬೆಳೆದವರಿಗೇ ಗೊತ್ತಾಗೋ ದಾರಿ ಇರಲಿಲ್ಲ. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಜಿಐ ಟ್ಯಾಗು ಸಿಕ್ಕಿತು. ಸಂತೋಷ. ಈ ಮೂರನ್ನೂ ಪಕ್ಕಪಕ್ಕ ಇಟ್ಟು ಹಾಲಿಲ್ಲದೆ ಕುಡಿದ ಎಷ್ಟು ಜನ ಕನ್ನಡಿಗರು ನಿಮಗೆ ಗೊತ್ತು?

ಈಗ ಕೆಫೆಗಳ ಸರದಿ. ಅವರನ್ನು ಬಿಟ್ಟರೆ ಅನ್ಯಾಯ ಆಗುತ್ತೆ.

ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಒಂದು ಪೋರ್ ಓವರ್ ಹೇಳಿದರೆ 300 ರೂಪಾಯಿ ಹತ್ತಿರ. ಗಡ್ಡದ ಹುಡುಗ ಏಪ್ರನ್ ಕಟ್ಟಿಕೊಂಡು, ಹಂಸದ ಕತ್ತಿನ ಕೆಟಲ್ ಹಿಡಿದು, ಪೂಜೆ ಮಾಡೋ ಥರ ನೀರು ಸುರೀತಾನೆ. ಜೊತೆಗೊಂದು ಚೀಟಿ: ಬ್ಲೂಬೆರಿ, ಪೀಚು, ಬರ್ಗಮಾಟು. ಅಲ್ಲಪ್ಪಾ, ನಾನು ಹುಟ್ಟಿ ಬೆಳೆದಿದ್ದು ಹಾಸನದಲ್ಲಿ, ಬರ್ಗಮಾಟ್ ಹಣ್ಣನ್ನು ಯಾವ ಸಂತೆಯಲ್ಲಿ ನೋಡಲಿ? ಲೆಕ್ಕ ಹಾಕಿ. ಒಂದು ಕಪ್ಪಿಗೆ 15 ಗ್ರಾಂ. ಒಂದು ಕೆಜಿ ಹುರಿದ ಬೀಜಕ್ಕೆ 66 ಕಪ್ಪು. ಹತ್ತಿರ ಹತ್ತಿರ 20 ಸಾವಿರ ರೂಪಾಯಿ. ಹುರಿದಾಗ ತೂಕ ಇಳಿಯುತ್ತೆ, ಆದ್ದರಿಂದ ಆ ಒಂದು ಕೆಜಿಗೆ ಸುಮಾರು 1.2 ಕೆಜಿ ಹಸಿ ಬೀಜ ಬೇಕು. ಬೆಲೆ ಚೆನ್ನಾಗಿರೋ ವರ್ಷದಲ್ಲೂ ಅಷ್ಟು ಬೀಜಕ್ಕೆ ಮಾವನ ಕೈ ಸೇರೋದು ಸಾವಿರದ ಒಳಗಿನ ಮಾತು. ಕೆಫೆಯವರನ್ನು ಕಳ್ಳರು ಅಂತಿಲ್ಲ. ಆ ಬಾಡಿಗೆ, ಆ ಎಸಿ, ಹುಡುಗರ ಸಂಬಳ ನನಗೂ ಗೊತ್ತು. ನನ್ನ ತಕರಾರು ಬೇರೆ. ಇದೇನೋ ದೀಕ್ಷೆ ತಗೊಂಡವರು ಮಾತ್ರ ಮಾಡೋ ವಿದ್ಯೆ ಅನ್ನೋ ಹಾಗೆ ತೋರಿಸಿ, ಜನ ಮನೆಯಲ್ಲಿ ಮಾಡೋಕೇ ಹೆದರೋ ಹಾಗೆ ಮಾಡಿದ್ದಾರಲ್ಲ, ಅದು.

ಇದು ಹುಟ್ಟಿದ್ದೇ ಅಡುಗೆಮನೆಯಲ್ಲಿ. 1908ರಲ್ಲಿ ಜರ್ಮನಿಯ ಡ್ರೆಸ್ಡನ್ನಿನಲ್ಲಿ ಮೆಲಿಟಾ ಬೆಂಟ್ಜ್ ಅನ್ನೋ ಗೃಹಿಣಿ, ಕಪ್ಪಿನ ತಳದಲ್ಲಿ ಕೂರೋ ಕಹಿ ಗಷ್ಟು ಸಾಕಾಗಿ, ಹಿತ್ತಾಳೆ ಪಾತ್ರೆಗೆ ತೂತು ಹೊಡೆದು, ಮಗನ ನೋಟ್‌ಬುಕ್ಕಿನ ಬ್ಲಾಟಿಂಗ್ ಪೇಪರ್ ಹಾಸಿ, ಮೇಲೆ ಬಿಸಿನೀರು ಸುರಿದಳು. ಅಷ್ಟೇ ಕಥೆ. ಈಗ ಎಲ್ಲರ ಕೈಯಲ್ಲಿರೋ ವಿ60 ಜಪಾನಿನ ಹಾರಿಯೋ ಅನ್ನೋ ಗಾಜಿನ ಕಂಪನಿಯದು. ವಿ ಆಕಾರ, 60 ಡಿಗ್ರಿ ಕೋನ, ಅದಕ್ಕೆ ಆ ಹೆಸರು. ಇನ್ನು ನಮ್ಮ ಕಡೆ? ಮಲೆನಾಡಿನ ಹಳೇ ಮನೆಗಳಲ್ಲಿ ಕಾಫಿ ಸೋಸೋಕೆ ಒಂದು ಬಟ್ಟೆ ಇರ್ತಿತ್ತು, ಕಾಫಿ ಕಲೆ ಹತ್ತಿ ಹತ್ತಿ ಮರದ ತೊಗಟೆ ಬಣ್ಣಕ್ಕೆ ತಿರುಗಿರೋದು. ಕೊಡಗಿನಲ್ಲಿ ಇವತ್ತಿಗೂ ಹಾಲಿಲ್ಲದ ಬೆಲ್ಲದ ಕಾಫಿ ಕುಡೀತಾರೆ. ಕರಿ ಕಾಫಿ ಫಾರಿನ್ ಶೋಕಿ ಅನ್ನೋರು ಒಂದ್ಸಲ ಮಡಿಕೇರಿ ಕಡೆ ಹೋಗಿ ಯಾರದ್ದಾದ್ರೂ ಮನೆಯಲ್ಲಿ ಕೂತು ಬರಬೇಕು.

ಮಾಡೋದು ಹೇಗೆ ಅಂತಲೂ ಹೇಳಿಬಿಡ್ತೀನಿ. ಪ್ಲಾಸ್ಟಿಕ್ ಕೋನು ಸಾವಿರ ರೂಪಾಯಿ ಒಳಗೆ ಸಿಗುತ್ತೆ. ಪೇಪರಿಗೆ ಮೊದಲು ಬಿಸಿನೀರು ಹಾಕಿ ತೊಳೆಯಿರಿ, ಇಲ್ಲದಿದ್ರೆ ರಟ್ಟಿನ ರುಚಿ. 15 ಗ್ರಾಂ ಪುಡಿ, ನಮ್ಮ ಫಿಲ್ಟರ್ ಪುಡಿಗಿಂತ ತರಿಯಾಗಿ, ಸಣ್ಣ ರವೆ ಥರ. ನೀರು ಕುದ್ದು ಅರ್ಧ ನಿಮಿಷ ಬಿಟ್ಟು, ಮೊದಲು 40 ಮಿಲಿ ಮಾತ್ರ ಹಾಕಿ ಸುಮ್ಮನೆ ನಿಲ್ಲಿ. ಪುಡಿ ಉಬ್ಬಿ ಗುಳ್ಳೆ ಬಿಡುತ್ತೆ, ಹುರಿದಾಗ ಒಳಗೆ ಸಿಕ್ಕಿಕೊಂಡಿದ್ದ ಗ್ಯಾಸ್ ಹೊರಗೆ ಬರೋದು ಅದು. ಉಬ್ಬಲಿಲ್ಲ ಅಂದ್ರೆ ಪುಡಿ ಹಳೇದಾಗಿರಬಹುದು. ಮುಕ್ಕಾಲು ನಿಮಿಷ ಆದ ಮೇಲೆ ಮಿಕ್ಕ ನೀರು ಸಣ್ಣ ಧಾರೆಯಲ್ಲಿ, ಒಟ್ಟು 240 ಮಿಲಿ. ಮೂರು ನಿಮಿಷಕ್ಕೆ ಇಳಿದಿರಬೇಕು. ಬೇಗ ಇಳಿದು ಹುಳಿ ಹುಳಿ ಅನ್ನಿಸಿದ್ರೆ ಪುಡಿ ಇನ್ನೂ ಸಣ್ಣ ಮಾಡಿ, ತಡವಾಗಿ ಕಹಿಯಾದ್ರೆ ದಪ್ಪ ಮಾಡಿ. ಟೈಮಿಲ್ಲ ಅಂತೀರಾ? ಲಿಫ್ಟ್ ಬರೋವಷ್ಟರಲ್ಲಿ ಆರು ರೀಲ್ಸ್ ನೋಡೋ ಜನ ನಾವು.

ಮಾವನ ಕಥೆ ಮುಗಿದಿಲ್ಲ. ಹೋದ ವರ್ಷ ಅವರನ್ನು ಕಾಡಿ ಬೇಡಿ, ಒಂದೇ ಸಾಲಿನ ಗಿಡಗಳಿಂದ ಕೆಂಪು ಹಣ್ಣು ಮಾತ್ರ ಒಂದಿಷ್ಟು ಕೊಯ್ಯಿಸಿ, ಬೇರೆಯಾಗಿ ತಟ್ಟಿಯ ಮೇಲೆ ಒಣಗಿಸಿದೆ. ಅದರ ಎರಡು ಕೆಜಿ ಬೀಜ, ಮಾಮೂಲಿ ಕೊಯ್ಲಿನದು ಎರಡು ಕೆಜಿ, ಎರಡನ್ನೂ ಬೆಂಗಳೂರಿಗೆ ತಂದು ಒಂದೇ ಹದಕ್ಕೆ ಹುರಿಸಿ, ಯುಗಾದಿಗೆ ವಾಪಸ್ ತಗೊಂಡು ಹೋದೆ. ಕೋನು ಇತ್ತು, ಕೆಟಲ್ ಇರಲಿಲ್ಲ. ಅತ್ತೆ ಅಟ್ಟದಿಂದ ಹಳೇ ಗಿಂಡಿ ಇಳಿಸಿ ಕೊಟ್ಟರು. ಬಟ್ಟೆ ಸುತ್ತಿ ಹಿಡಿದು ಸುರಿದರೆ ಏನು ಧಾರೆ ಅಂತೀರಿ! ಆ ಗಡ್ಡದ ಹುಡುಗನ ಕೆಟಲ್ಲಿಗೂ ಬರಲ್ಲ.

ಎರಡು ಲೋಟ, ಯಾವುದು ಯಾವುದು ಅಂತ ಹೇಳಲಿಲ್ಲ. ಮಾವ ಮೊದಲ ಲೋಟ ಮೂಸಿ, "ಏನೋ ಇದು, ಟೀ ನೀರಿದ್ದ ಹಂಗಿದೆ" ಅಂತ ಮುಖ ಕಿವುಚಿದರು. ಅತ್ತೆ ಎರಡನ್ನೂ ಕುಡಿದು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಇದು ಗೋಣಿಚೀಲ ನೆನೆಸಿದ ವಾಸನೆ. ಇದು ಹುಣಸೇಹಣ್ಣಿನ ಪಾನಕದ ಥರ, ಕೊನೆಗೆ ಬೆಲ್ಲ ಬಾಯಲ್ಲಿ ನಿಲ್ಲುತ್ತೆ" ಅಂದರು. ಬ್ಲೂಬೆರಿ ಚೀಟಿ ಬರೆಯೋರು ನಮ್ಮ ಅತ್ತೆಯನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು.

ಮಾವ ಎರಡನೇ ಲೋಟ ತಗೊಂಡು ಮತ್ತೆ ಕುಡಿದರು. ಆರಿದ ಮೇಲೆ ಇನ್ನೊಮ್ಮೆ. 30 ವರ್ಷದಿಂದ ಕಾಫಿ ಬೆಳೀತಿರೋ ಮನುಷ್ಯ, ಮನೆಗೆ ತರೋದು ಪೇಟೆಯ ಚಿಕೋರಿ ಪುಡಿ. ತನ್ನ ತೋಟದ ಬೀಜವನ್ನು ಬೇರೇನೂ ಬೆರೆಸದೆ ಕುಡಿದದ್ದು ಅದೇ ಮೊದಲು. "ವ್ಯತ್ಯಾಸ ಇದೆ ಬಿಡು" ಅಂದರು. "ಆದ್ರೆ ವ್ಯಾಪಾರಿ ಕುಡಿದು ನೋಡಲ್ವಲ್ಲೋ."

ವ್ಯಾಪಾರಿ ನೋಡಲ್ಲ. ನಾವು ನೋಡಬೇಕು. ನೀವು, ಪ್ಯಾಂಟ್ರಿಯಲ್ಲಿ ನಗೋ ನೀವೇ. ಈ ಊರಲ್ಲಿ ತೋಟದ ಹೆಸರು, ತಳಿಯ ಹೆಸರು, ಹುರಿದ ತಾರೀಖು ಹಾಕಿ ಮಾರೋರು ಈಗ ಬೇಕಾದಷ್ಟು ಜನ ಇದ್ದಾರೆ. ಪಾವು ಕೆಜಿ ತಗೊಳ್ಳಿ. ಹಾಲು ಹಾಕೋ ಮುಂಚೆ ಒಂದು ಗುಟುಕು ಹಾಗೇ ಕುಡೀರಿ. ಚೆನ್ನಾಗಿಲ್ಲ ಅಂದ್ರೆ ಮಾರಿದವರಿಗೆ ಫೋನ್ ಮಾಡಿ ಬೈಯಿರಿ. ಚೆನ್ನಾಗಿದ್ರೆ ಬೆಳೆದವರಿಗೆ ಎಷ್ಟು ಕೊಟ್ರಿ ಅಂತ ಕೇಳಿ. ಕೆಲವರು ಹೇಳ್ತಾರೆ, ಕೆಲವರು ಮಾತು ಬದಲಾಯಿಸ್ತಾರೆ. ಮುಂದಿನ ಸಲ ಎಲ್ಲಿ ತಗೋಬೇಕು ಅಂತ ಅದರಲ್ಲೇ ಗೊತ್ತಾಗುತ್ತೆ.

ಈ ವರ್ಷ ಮಾವ ಎರಡು ಮೂಟೆ ಆರಿಸಿ ಕೊಯ್ಯಿಸಿದ್ದಾರೆ. ಸುಲಭ ಆಗಲಿಲ್ಲ. ಕೆಜಿ ಲೆಕ್ಕದ ಕೂಲಿಗೆ ಬರೋ ಹೆಂಗಸರು, ಹಣ್ಣು ಆರಿಸ್ತಾ ಕೂತರೆ ತಮ್ಮ ತೂಕ ಕಮ್ಮಿಯಾಗುತ್ತೆ ಅಂತ ಒಪ್ಪಲಿಲ್ಲ, ಸರಿಯಾಗೇ ಹೇಳಿದರು. ಆ ನಾಲ್ಕು ದಿನಕ್ಕೆ ದಿನಗೂಲಿ ಮಾತಾಡಬೇಕಾಯ್ತು. ಒಂದು ಮೂಟೆಗೆ ಬೆಂಗಳೂರಿನ ಹುರಿಯೋರೊಬ್ಬರು ಮಾರ್ಕೆಟ್‌ಗಿಂತ ಜಾಸ್ತಿ ಕೊಟ್ಟರು. ಇನ್ನೊಂದು ಮೂಟೆಗೆ ಯಾರೂ ಸಿಗದೆ ಮಾಮೂಲಿ ವ್ಯಾಪಾರಿಗೇ, ಮಾಮೂಲಿ ರೇಟಿಗೇ ಹೋಯ್ತು. ಮಾವ ಇನ್ನೂ ಅದನ್ನೇ ಹೇಳ್ತಿರ್ತಾರೆ.

ಮೊನ್ನೆ ಅತ್ತೆ ಫೋನ್ ಮಾಡಿದ್ದರು. ಬರುವಾಗ ಆ ಬಿಳಿ ಪೇಪರ್ ಒಂದು ಕಟ್ಟು ತರಬೇಕಂತೆ. ಜೊತೆಗೆ ಸಂಜೆ ಕಾಫಿಗೆ ಅರ್ಧ ಕೆಜಿ ಚಿಕೋರಿ ಪುಡಿನೂ.