ಕಾಣದ ನೋವಿಗೂ ಸೀಟು ಬೇಕು

ಯಲಹಂಕದಲ್ಲಿ ಬಸ್ ಹತ್ತಿ ಅಂಗವಿಕಲರ ಸೀಟಿನಲ್ಲಿ ಕೂತಿದ್ದೆ. ಬೆಳಿಗ್ಗೆಯಿಂದಲೇ ಮೊಣಕಾಲು ಜುಮುಗುಡುತ್ತಿತ್ತು. ‘ಗಟ್ಟಿಮುಟ್ಟಾಗಿದ್ದೀಯಲ್ಲಪ್ಪಾ, ಏಳು’ ಎಂದರು ಹಿರಿಯರೊಬ್ಬರು. ಎದ್ದೆ. ಯಶವಂತಪುರ ಬರುವಷ್ಟರಲ್ಲಿ ಕಾಲು ಊದಿತ್ತು. ಆ ವಾರ ಕಾಲೇಜಿಗೆ ಹೋಗಲಾಗಲಿಲ್ಲ.

ನನಗಿರುವುದು ಹಿಮೋಫಿಲಿಯಾ. ಕನ್ನಡದಲ್ಲಿ ಕುಸುಮ ರೋಗ ಅಂತಾರೆ, ಹೆಸರೇನೋ ಚೆನ್ನಾಗಿದೆ! ರಕ್ತ ಹೆಪ್ಪುಗಟ್ಟಿಸುವ ಅಂಶದ ಕೊರತೆ ಇದು. ಗಾಯವೇ ಇಲ್ಲದೆ ಕೀಲಿನೊಳಗೆ ರಕ್ತ ಸೋರುತ್ತದೆ.

1995ರ ಕಾಯ್ದೆಯಲ್ಲಿ ಅಂಗವೈಕಲ್ಯ 7 ಬಗೆ. 2016ರ ಕಾಯ್ದೆ ಅದನ್ನು 21ಕ್ಕೇರಿಸಿ ನಮ್ಮನ್ನೂ ಸೇರಿಸಿತು. ಆದರೆ ಉನ್ನತ ಶಿಕ್ಷಣದ ಮೀಸಲಾತಿಗೆ ಕನಿಷ್ಠ ಶೇ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಸರ್ಕಾರಿ ಕೆಲಸದ ಶೇ 4 ಮೀಸಲಾತಿಯ ಪಟ್ಟಿಯಲ್ಲಂತೂ ರಕ್ತದ ಕಾಯಿಲೆಗಳೇ ಇಲ್ಲ. ಸೋಮವಾರ ಮೆಟ್ಟಿಲನ್ನು ಓಡಿ ಹತ್ತುವ ನಾನು ಗುರುವಾರ ಬಚ್ಚಲಿಗೂ ಗೋಡೆ ಹಿಡಿದು ಹೋಗುತ್ತೇನೆ. ಶೇಕಡಾ ಎಷ್ಟು ಅಂತ ಯಾವ ದಿನ ಅಳೆಯಬೇಕು?

‘ಯಾರಿಗೂ ಹೇಳ್ಬೇಡ ಕಣೋ’ ಅನ್ನುತ್ತಿದ್ದಳು ಅಮ್ಮ. ಕಾಯಿಲೆ ತನ್ನ ಕಡೆಯಿಂದ ಬಂತೆಂಬ ಅಳುಕು ಅವಳದು. ಕ್ರಿಕೆಟ್‌ಗೆ ಕರೆದರೆ ನಾನು ಹೋಮ್‌ವರ್ಕ್ ನೆಪ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಕಾಯಿಲೆಗಿಂತ ಆ ನೆಪಗಳೇ ನನ್ನನ್ನು ಹೆಚ್ಚು ಸುಸ್ತು ಮಾಡಿದವು.

ಕಳೆದ ತಿಂಗಳು ಕ್ಲಾಸಿನಲ್ಲಿ ಹೇಳಿಬಿಟ್ಟೆ. ‘ಮೊದಲೇ ಹೇಳೋದಲ್ವಾ ಮಗಾ’ ಅಂದ ಗೆಳೆಯ, ಕಾಲು ನೋಯುವ ದಿನ ಸ್ಟಾಪಿಗೇ ಬಂದು ಬ್ಯಾಗ್ ಹಿಡಿಯುತ್ತಾನೆ. ಬಸ್ಸಿನಲ್ಲಿ ಮಾತ್ರ ಇನ್ನೂ ಬಾಯಿ ಬರುವುದಿಲ್ಲ. ಅಂಗವಿಕಲರ ಗುರುತಿನ ಕಾರ್ಡ್ ಜೇಬಿನಲ್ಲೇ ಇರುತ್ತದೆ.