ಗದ್ದೆಯ ಮೇಲಿನ ಏರೋಪ್ಲೇನ್ ಚಿಟ್ಟೆ

ಬಾಲಕ್ಕೆ ನೂಲು ಕಟ್ಟಿ ಏರೋಪ್ಲೇನ್ ಚಿಟ್ಟೆಯನ್ನು ಆಡಿಸದವರು ನಮ್ಮಲ್ಲಿ ಕಡಿಮೆ. ಮಳೆ ಬಿಟ್ಟಾಗ ಮೊಗ್ರಾಲಿನ ಗದ್ದೆ, ಕೆರೆ, ಮದಕಗಳ ಬಳಿ ನೋಡಿರಿ: ಹಳದಿ ರೆಕ್ಕೆಯಲ್ಲಿ ಕಪ್ಪು ಮಚ್ಚೆಯಿರುವುದು ಮಲಯಾಳಿಗರ ಓಣತುಂಬಿ, ಅಂಗಳದ ಮೇಲೆ ಹಿಂಡಾಗಿ ಸುತ್ತುವ ಹೊಂಬಣ್ಣದ್ದು ಕಡಲು ದಾಟಿ ಆಫ್ರಿಕಕ್ಕೂ ಹೋಗುವ ಜಾತಿ.

ಇವುಗಳ ಮರಿಗಳು ನೀರಿನಲ್ಲಿದ್ದು ಸೊಳ್ಳೆಮರಿಗಳನ್ನು ತಿನ್ನುತ್ತವೆ. ರೆಕ್ಕೆ ಬಂದ ಮೇಲೆ ಸೊಳ್ಳೆಗಳನ್ನೂ ಪೈರಿನ ಪತಂಗಗಳನ್ನೂ ಹಾರುತ್ತಲೇ ಹಿಡಿಯುತ್ತವೆ. ಆದ್ದರಿಂದ ನಾಲ್ಕು ಹುಳ ಕಂಡ ಕೂಡಲೇ ಗದ್ದೆಗೆ ವಿಷ ಹೊಡೆಯುವುದು, ಕೆರೆಗೆ ಮಣ್ಣು ತುಂಬುವುದು ನಮಗೆ ಸರಿಕಾಣುವುದಿಲ್ಲ. ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು, ಹೆಚ್ಚು ಹೇಳಬೇಕಿಲ್ಲ.

ಡೆಂಗಿ ಸೊಳ್ಳೆಯ ಮಾತು ಬೇರೆ. ಅದು ಹುಟ್ಟುವುದು ಗೆರಟೆ, ಅಡಿಕೆ ಹಾಳೆ, ಟಯರುಗಳಲ್ಲಿ ನಿಂತ ನೀರಿನಲ್ಲಿ. ಅಲ್ಲಿಗೆ ಚಿಟ್ಟೆಯ ಮರಿ ಬರುವುದಿಲ್ಲ. ಪ್ರತಿ ಆದಿತ್ಯವಾರ ನಾವೇ ಕವುಚಿ ಹಾಕಬೇಕು.