ಅರಿತು ಕೊಡುವುದೇ ಸಂವಿಭಾಗ

ಬೇಸಿಗೆಯ ರಜೆಯಲ್ಲಿ ಮನೆತನದವರೆಲ್ಲ ಒಂದೆಡೆ ಸೇರುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಹಿಂದೆ ಮೂಲಮನೆಯ ಜಗಲಿಯಲ್ಲಿ ನಡೆಯುತ್ತಿದ್ದ ಕೂಟ ಈಗ ನೀರಿನ ದಂಡೆಯ ರೆಸಾರ್ಟಿಗೆ ಸ್ಥಳಾಂತರಗೊಂಡಿದೆ, ಅಷ್ಟೆ. ಬೆಂಗಳೂರು, ಪುಣೆ, ಅಮೆರಿಕಗಳಿಂದ ಬಂದ ಮಕ್ಕಳು ಮೊಮ್ಮಕ್ಕಳು ಹೊಂಬುಜದಲ್ಲಿ ಪಾರ್ಶ್ವನಾಥ ಸ್ವಾಮಿಗೆ, ಪದ್ಮಾವತಿ ಅಮ್ಮನವರಿಗೆ ಕೈಮುಗಿದು, ಮುತ್ತಿನ ಕೆರೆಯನ್ನು ನೋಡಿ, ಅಲ್ಲಿಂದ ಶರಾವತಿಯ ಹಿನ್ನೀರಿನ ಬಳಿ ಎರಡು ದಿನ ತಂಗುತ್ತಾರೆ. ಇದನ್ನು ಕಂಡು ‘ಧರ್ಮ ಕೆಟ್ಟಿತು’ ಎಂದು ಕೆಲವು ಹಿರಿಯರು ನಿಟ್ಟುಸಿರು ಬಿಡುವುದುಂಟು. ಅವರ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಮೂಲಮನೆಗಳು ಪಾಲಾಗಿವೆ, ನಲವತ್ತು ಜನರಿಗೆ ಅಟ್ಟು ಬಡಿಸುವ ಶಕ್ತಿ ಯಾವ ಅತ್ತಿಗೆಯಲ್ಲಿಯೂ ಉಳಿದಿಲ್ಲ, ಆ ಹೊರೆಯನ್ನು ಹೆಂಗಸರ ಮೇಲೆಯೇ ಹೊರಿಸುವುದು ನ್ಯಾಯವೂ ಅಲ್ಲ. ದೋಷ ಸ್ಥಳದಲ್ಲಿಲ್ಲ. ಅಲ್ಲಿ ನಾವು ಪರಸ್ಪರರಿಗೆ ಏನನ್ನು ಕೊಡುತ್ತೇವೆ, ಏನನ್ನು ಪಡೆಯುತ್ತೇವೆ ಎಂಬುದೇ ವಿಚಾರಣೀಯ.

ಇಂತಹ ಕೂಟಗಳು ಬಹುಮಟ್ಟಿಗೆ ಅಕ್ಷಯ ತೃತೀಯೆಯ ಆಸುಪಾಸಿನಲ್ಲಿ ನಡೆಯುತ್ತವೆ. ಆ ದಿನದ ಕಥೆ ನಮಗೆಲ್ಲ ತಿಳಿದದ್ದೇ. ದೀಕ್ಷೆಯ ತರುವಾಯ ಆರು ತಿಂಗಳ ಉಪವಾಸವನ್ನು ಮುಗಿಸಿ ಭಗವಾನ್ ಋಷಭದೇವರು ಆಹಾರಕ್ಕಾಗಿ ಊರೂರು ಸಂಚರಿಸಿದರು. ಜನರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ. ಆನೆ, ಕುದುರೆ, ರತ್ನ, ವಸ್ತ್ರ, ಕಡೆಗೆ ಕನ್ಯೆಯರನ್ನೂ ತಂದು ಮುಂದಿರಿಸಿದರು. ಮುನಿಗೆ ಬೇಕಾದುದು ಶುದ್ಧವಾದ ಒಂದು ಹೊತ್ತಿನ ಆಹಾರ ಎಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೀಗೆ ಮತ್ತೆ ಹಲವು ತಿಂಗಳು ಕಳೆದ ಮೇಲೆ ಹಸ್ತಿನಾಪುರದ ಶ್ರೇಯಾಂಸ ಕುಮಾರನಿಗೆ ಪೂರ್ವಜನ್ಮದ ಸ್ಮರಣೆಯಾಯಿತು. ಒಂದು ಭವದಲ್ಲಿ ತಾನು ಶ್ರೀಮತಿಯಾಗಿ, ಋಷಭದೇವರ ಜೀವ ವಜ್ರಜಂಘನಾಗಿ, ಇಬ್ಬರೂ ಸೇರಿ ಮುನಿಗಳಿಗೆ ಆಹಾರವಿತ್ತದ್ದು ಅವನ ನೆನಪಿಗೆ ಬಂದಿತು. ಕೊಡುವ ಬಗೆ ತಿಳಿಯಿತು. ಕಬ್ಬಿನ ಹಾಲಿನಿಂದ ಪಾರಣೆಯಾಯಿತು.

ಈ ಕಥೆಯನ್ನು ದಾನದ ಮಹಿಮೆಗಾಗಿ ಹೇಳುವುದು ವಾಡಿಕೆ. ಆದರೆ ಅದರಲ್ಲಿ ಇನ್ನೊಂದು ಎಚ್ಚರಿಕೆಯಿದೆ. ಔದಾರ್ಯವಿದ್ದ ಮಾತ್ರಕ್ಕೆ ದಾನವಾಗುವುದಿಲ್ಲ; ಎದುರಿಗಿರುವವರ ಅಗತ್ಯವನ್ನು ಅರಿಯದೆ ಕೊಟ್ಟರೆ ಐಶ್ವರ್ಯದ ನಡುವೆಯೂ ಅವರು ಹಸಿದೇ ಇರುತ್ತಾರೆ.

ರೆಸಾರ್ಟಿನಲ್ಲಿ ಆಗುವುದೂ ಇದೇ. ಎಂಬತ್ತು ವರ್ಷದ ಅಜ್ಜಿಗೆ ನೀರು ಕಾಣುವ ಕೋಣೆ, ಹವಾನಿಯಂತ್ರಣ, ಮೆತ್ತನೆಯ ಹಾಸಿಗೆ ಎಲ್ಲವೂ ಸಿದ್ಧ. ಆದರೆ ಭೋಜನ ಮಾತ್ರ ರಾತ್ರಿ ಎಂಟೂವರೆಗೆ. ರಾತ್ರಿಭೋಜನ ತ್ಯಾಗದ ನಿಯಮವುಳ್ಳ ಆಕೆ ಚೀಲದಲ್ಲಿ ತಂದ ಅವಲಕ್ಕಿಯನ್ನು ಸೂರ್ಯಾಸ್ತಕ್ಕೆ ಮುಂಚೆ ಒಬ್ಬಳೇ ಕುಳಿತು ತಿನ್ನುತ್ತಾಳೆ. ಯಾರೂ ಆಕೆಯನ್ನು ಅವಮಾನಿಸಲಿಲ್ಲ, ನಿಜ. ಯಾರೂ ಕೇಳಲೂ ಇಲ್ಲ. ಶ್ರಾವಕಾಚಾರವು ಮುನಿಗಳನ್ನು ಉತ್ತಮ ಪಾತ್ರರೆಂದೂ ವ್ರತಿಗಳಾದ ಶ್ರಾವಕರನ್ನು ಮಧ್ಯಮ ಪಾತ್ರರೆಂದೂ ಹೇಳುತ್ತದೆ. ವ್ರತ ಪಾಲಿಸುವ ಅಜ್ಜಿ ಮನೆಯಲ್ಲಿಯೇ ಇರುವಾಗ ಸಂವಿಭಾಗಕ್ಕೆ ಪಾತ್ರರನ್ನು ಹೊರಗೆ ಹುಡುಕಬೇಕೇ? ಮೇ ತಿಂಗಳಿನಲ್ಲಿ ಮಲೆನಾಡಿನಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲು ದಾಟಿದ ಮೇಲೆ. ಅದಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ ಮೊದಲೇ ಊಟ ಮುಗಿಯಬೇಕೆಂದರೂ ಐದೂವರೆಗೆ ಎಲೆ ಹಾಕಿದರೆ ಸಾಕು. ನಲವತ್ತು ಜನರ ತಂಡ ಮುಂಚಿತವಾಗಿ ಹೇಳಿದರೆ ಯಾವ ಅಡುಗೆಮನೆಯೂ ನಿರಾಕರಿಸುವುದಿಲ್ಲ. ಕಂದಮೂಲವಿಲ್ಲದ ನಾಲ್ಕು ಪದಾರ್ಥಗಳು, ಶೋಧಿಸಿದ ನೀರು, ಎಲ್ಲರದೂ ಒಂದೇ ಪಂಕ್ತಿ. ಎರಡು ಸಂಜೆಯ ಮಟ್ಟಿಗೆ ಇದು ಕಠಿಣ ತಪಸ್ಸೇನಲ್ಲ.

ಹಿರಿಯರ ಕರ್ತವ್ಯವೂ ಒಂದುಂಟು. ಅನ್ಯ ಸಮಾಜದಿಂದ ಬಂದ ಸೊಸೆಯ ತಟ್ಟೆಯನ್ನು ಇಣುಕಿ ನೋಡುವುದು, ಹದಿಹರೆಯದ ಮೊಮ್ಮಗನಿಗೆ ಎಲ್ಲರೆದುರು ಣಮೋಕಾರ ಮಂತ್ರದ ಪರೀಕ್ಷೆ ಮಾಡುವುದು ಧರ್ಮಪ್ರಭಾವನೆಯಲ್ಲ. ಮೂರು ದಶಕಗಳ ಕಾಲ ತರಗತಿಯಲ್ಲಿ ನಿಂತವನಾಗಿ ಹೇಳುತ್ತೇನೆ: ಲಜ್ಜೆಗೊಳಿಸಿ ಕಲಿಸಿದ ಪಾಠ ಯಾರಲ್ಲಿಯೂ ನಿಲ್ಲುವುದಿಲ್ಲ. ಚಾರಿತ್ರವನ್ನು ತನ್ನಲ್ಲಿ ತೋರಿಸಬೇಕು, ಇತರರಲ್ಲಿ ತಪಾಸಣೆ ಮಾಡಬಾರದು.

ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಮನೆತನವೆಲ್ಲ ಸೇರಿದ ಸಂದರ್ಭದಲ್ಲಿ, ಮನಸ್ಸುಗಳು ಮೆದುವಾಗಿರುವ ವೇಳೆಯನ್ನು ನೋಡಿ, ಅಕ್ಕತಂಗಿಯರ ಮುಂದೆ ಹಕ್ಕು ಬಿಡುಗಡೆಯ ಪತ್ರವನ್ನಿಡುವ ರೂಢಿ ಅಲ್ಲಲ್ಲಿ ಬೆಳೆದಿದೆ. ಹಿಂದೂ ಉತ್ತರಾಧಿಕಾರ ಕಾಯಿದೆ ಜೈನರಿಗೂ ಅನ್ವಯಿಸುತ್ತದೆ. 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕುಂಟು. ತಂಗಿ ತಾನಾಗಿ ಬಿಟ್ಟುಕೊಟ್ಟರೆ ಅದು ಆಕೆಯ ತ್ಯಾಗ. ‘ಎಲ್ಲರೂ ನಗುನಗುತ್ತ ಇರುವಾಗ ನೀನೊಬ್ಬಳು ಕೆಡಿಸಬೇಡ’ ಎಂಬ ದಾಕ್ಷಿಣ್ಯದಲ್ಲಿ ಸಹಿ ಹಾಕಿಸಿಕೊಂಡರೆ ಅದು ಬೇರೆ. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಕಳವು ಎಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಬಾಯಿ ‘ಆಗಲಿ’ ಎಂದು, ಮನಸ್ಸು ಕೊಡದಿದ್ದರೆ ಅದು ಕೊಟ್ಟದ್ದಾಗುತ್ತದೆಯೇ? ಪತ್ರದಲ್ಲಿ ಸಹಿಯಿರಬಹುದು, ಅಚೌರ್ಯಾಣುವ್ರತಕ್ಕೆ ಬಿದ್ದ ಕಲೆ ಅದರಿಂದ ತೊಳೆಯುವುದಿಲ್ಲ. ಅಂಥ ಪತ್ರಗಳನ್ನು ಕೂಟಕ್ಕೆ ತರಲೇಬಾರದು. ಪಾಲಿನ ಮಾತು ಬೇರೆ ದಿನ, ತಿಳಿದವರ ಎದುರು, ಆಕೆಗೆ ಯೋಚಿಸಲು ಅವಕಾಶವಿತ್ತು ನಡೆಯಲಿ.

ಶರಾವತಿಯ ಆ ಹಿನ್ನೀರು ಸಹ ಈ ವಿಷಯದಲ್ಲಿ ನಮಗೆ ಗುರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಊರುಗಳು, ತೋಟಗಳು, ಗದ್ದೆಗಳು ಮುಳುಗಿದವು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟು ಸಹ ಅದರೊಳಗೇ ಅಡಗಿದೆ. ಬೇಸಿಗೆಯಲ್ಲಿ ನೀರಿಳಿದಾಗ ಹೊರಗೆ ಕಾಣುತ್ತದೆ. ನಾವು ದೋಣಿಯಲ್ಲಿ ವಿಹರಿಸುವ ನೀರಿನ ಕೆಳಗೆ ಯಾರೋ ಅಣ್ಣತಮ್ಮಂದಿರು ಒಂದು ಕಾಲಕ್ಕೆ ಮಾತು ಬಿಟ್ಟು ಕಾದಾಡಿದ ಬೇಲಿಗಳೂ ಇದ್ದಿರಬೇಕು. ಅನಿತ್ಯಾನುಪ್ರೇಕ್ಷೆಗೆ ಇದಕ್ಕಿಂತ ಪ್ರತ್ಯಕ್ಷವಾದ ಉದಾಹರಣೆ ಬೇಕೇ?

ಪೂಜ್ಯಪಾದಾಚಾರ್ಯರು ಇಷ್ಟೋಪದೇಶದಲ್ಲಿ ಬಂಧುಗಳನ್ನು ಹಕ್ಕಿಗಳಿಗೆ ಹೋಲಿಸಿದ್ದಾರೆ. ದಿಕ್ಕುದಿಕ್ಕಿನಿಂದ ಬಂದು ಇರುಳು ಒಂದು ಮರದಲ್ಲಿ ತಂಗುವ ಹಕ್ಕಿಗಳು ಬೆಳಗಾದೊಡನೆ ತಮ್ಮ ತಮ್ಮ ಕಾರ್ಯಕ್ಕೆ ಹಾರಿಹೋಗುತ್ತವೆ. ಇದನ್ನು ಓದಿ ‘ಹಾಗಾದರೆ ಸಂಬಂಧಗಳಿಗೆ ಬೆಲೆಯಿಲ್ಲ’ ಎಂದು ಕೆಲವರು ತೀರ್ಮಾನಿಸುತ್ತಾರೆ. ಮುನಿಗೆ ಆ ಮಾತು ವೈರಾಗ್ಯದ ದಾರಿ. ಗೃಹಸ್ಥನಿಗೆ ಅದು ವಿವೇಕದ ದಾರಿಯೂ ಆಗಬಲ್ಲದು: ಇರುವುದು ಒಂದೇ ಇರುಳಾದರೆ ಕೊಂಬೆಗಾಗಿ ಕಚ್ಚಾಡುವುದೇಕೆ? ಜೀವಗಳು ಪರಸ್ಪರರಿಗೆ ಉಪಕಾರಿಗಳು ಎಂಬ ಉಮಾಸ್ವಾಮಿಗಳ ಬೋಧನೆಯೂ ಈ ಅನಿತ್ಯದ ನಡುವೆಯೇ ನಿಂತಿದೆ.

ಭಾದ್ರಪದದ ಕ್ಷಮಾವಣಿಯಂದು ನಾವು ಮೊಬೈಲಿನಲ್ಲಿ ನೂರಾರು ಜನರಿಗೆ ಒಂದೇ ಸಂದೇಶವನ್ನು ಕಳುಹಿಸುತ್ತೇವೆ. ನಿಜವಾಗಿ ಯಾರಲ್ಲಿ ಕ್ಷಮೆ ಬೇಡಬೇಕೋ ಅವರ ಹೆಸರು ಬಹುಮಟ್ಟಿಗೆ ಆ ಪಟ್ಟಿಯಲ್ಲಿರುವುದಿಲ್ಲ. ಬೇಸಿಗೆಯ ಕೂಟದಲ್ಲಿ ಆ ವ್ಯಕ್ತಿ ಪಕ್ಕದ ಕೋಣೆಯಲ್ಲಿಯೇ ಇರುತ್ತಾರೆ. ಕ್ಷಮೆಗೆ ಪಂಚಾಂಗದ ಅಪ್ಪಣೆ ಬೇಕಿಲ್ಲ. ಮುಂದಿನ ಬೇಸಿಗೆಗೆ ಕೋಣೆ ಕಾದಿರಿಸುವವರು ಜನರ ಸಂಖ್ಯೆಯೊಂದಿಗೆ ಇನ್ನೆರಡು ವಿಷಯಗಳನ್ನೂ ಬರೆದಿಟ್ಟುಕೊಳ್ಳಲಿ: ಯಾರು ಯಾವ ಹೊತ್ತಿಗೆ ಉಣ್ಣುತ್ತಾರೆ, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ. ಮೊದಲನೆಯದನ್ನು ಅಡುಗೆಯವರಿಗೆ ತಿಳಿಸಿದರೆ ಸಾಕು. ಎರಡನೆಯದನ್ನು ಮನೆಯವರೇ ನೋಡಿಕೊಳ್ಳಬೇಕು.